ಹೆಸರು ಬದಲಿಸಿದರೆ ಆಯ್ತಲ್ವಾ?

ಪ್ರಶ್ನೆ: ಮೇಡಂ, ನಾನು ಧಾರವಾಡದಲ್ಲಿ ಮಾನವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬ್ಯಾಡಗಿ ಹತ್ತಿರದ ಒಂದು ಊರಲ್ಲಿ ಫೀಲ್ಡ್‌ವರ್ಕ್. ಥೀಸಿಸ್‌ಗೆ ಬೇಡವಾದ ಮಾತುಗಳೇ ನೋಟ್‌ಬುಕ್ ತುಂಬ ಇವೆ, ಕಥೆ ಬರೆಯೋಣ ಅನ್ನಿಸುತ್ತದೆ. ಗೈಡ್ ಬೇಡ ಅನ್ನುತ್ತಾರೆ. ನೀವು ಎರಡೂ ಮಾಡಿದವರು. ಹೆಸರು ಬದಲಿಸಿ ಬರೆದರೆ ಆಯ್ತಲ್ವಾ?
— ಓದುಗಿ, ಹಾವೇರಿ

ಉತ್ತರ: ಇಲ್ಲ ತಂಗಿ, ಅಷ್ಟಕ್ಕೇ ಆಗುವುದಿಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ತಾವು 1948ರಲ್ಲಿ ಅಧ್ಯಯನ ಮಾಡಿದ ಮೈಸೂರು ಕಡೆಯ ಊರಿಗೆ ರಾಂಪುರ ಅಂತ ಹೆಸರಿಟ್ಟರು. ಅದು ಕೊಡಗಹಳ್ಳಿ ಅಂತ ಆಮೇಲೆ ಗೊತ್ತಾಗಿಯೇ ಹೋಯಿತು. ಊರಿನ ಕಥೇನೇ ಹಿಂಗಾದರೆ, ಒಂದೇ ಓಣಿಯ ಒಬ್ಬ ಹೆಂಗಸನ್ನು ಹೆಂಗೆ ಮುಚ್ಚಿಡುತ್ತೀರಿ? ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ ನೈಜೀರಿಯಾದ ತಿವ್ ಜನರ ನಡುವಿನ ತಮ್ಮ ಅನುಭವವನ್ನು 1954ರಲ್ಲಿ ಕಾದಂಬರಿ ಮಾಡಿದಾಗ ತಮ್ಮ ಹೆಸರನ್ನೇ ಬದಲಿಸಿಕೊಂಡು ಎಲೆನೋರ್ ಸ್ಮಿತ್ ಬೋವೆನ್ ಆದರು.

ಹಾಗಂತ ಬಿಟ್ಟುಬಿಡಿ ಅನ್ನುತ್ತಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವವರ ಹತ್ತಿರ ಕೂತಿದ್ದೀರಲ್ಲ? ಕಿಲೋಗೆ ಎಷ್ಟು ಕೂಲಿ, ಕೊಡುವವರು ಯಾರು, ಅದು ಥೀಸಿಸ್‌ಗೆ. ಮಗುವಿನ ಮೂಗು ಸೋರುತ್ತಿದೆ, ಖಾರದ ಕೈಯಲ್ಲಿ ಮುಟ್ಟೋ ಹಾಗಿಲ್ಲ, ತಾಯಿ ಮೊಣಕೈಯಿಂದ ಅದನ್ನು ಹತ್ತಿರ ಎಳೆದುಕೊಂಡು ಭುಜದ ಮೇಲಿನ ಸೆರಗಿಗೇ ಮೂಗು ಒರೆಸಿಕೊಳ್ಳಲು ಬಿಡುತ್ತಾಳೆ. ಇದನ್ನು ಯಾವ ಅಧ್ಯಾಯಕ್ಕೆ ಹಾಕುತ್ತೀರಿ? ಇದು ಕಥೆಗೇ ಬೇಕು. ಇದರಿಂದ ಯಾರ ಗುಟ್ಟೂ ಬಯಲಾಗುವುದಿಲ್ಲ.

ಜೋರಾ ನೀಲ್ ಹರ್ಸ್ಟನ್ ಅಂತ ಒಬ್ಬರಿದ್ದರು, ಮಾನವಶಾಸ್ತ್ರದ ದೊಡ್ಡ ಹೆಸರು ಫ್ರಾಂಜ್ ಬೋಆಸ್ ಅವರ ವಿದ್ಯಾರ್ಥಿನಿ. ಫ್ಲೋರಿಡಾದ ತಮ್ಮೂರು ಈಟನ್‌ವಿಲ್‌ಗೇ ಹೋಗಿ ಜನರ ಕಥೆಗಳನ್ನು ಕೂಡಿಸಿ 1935ರಲ್ಲಿ ಪುಸ್ತಕ ಮಾಡಿದರು. 1937ರ ಕಾದಂಬರಿಯಲ್ಲೂ ಅದೇ ಊರು, ಅದೇ ಅಂಗಡಿ ಕಟ್ಟೆ, ಅಲ್ಲಿ ಕೂತು ಹರಟೆ ಹೊಡೆಯುವ ಗಂಡಸರು. ಕಟ್ಟೆಯನ್ನು ಧಾರಾಳವಾಗಿ ತಗೊಳ್ಳಿ, ಮಾತಿನ ಧಾಟಿ ತಗೊಳ್ಳಿ. ಆದರೆ "ಆ ಮಷಿನ್ ಬಂದ್ ಮಾಡವಾ, ಆಮ್ಯಾಲೆ ಹೇಳ್ತೀನಿ" ಅಂತ ರೆಕಾರ್ಡರ್ ಬಂದ್ ಮಾಡಿಸಿ ಒಬ್ಬಾಕೆ ಹೇಳಿದ್ದನ್ನು ತಗೋಬೇಡಿ. ಬೇಕೇ ಬೇಕು ಅಂದರೆ ಕಥೆಯನ್ನು ಆಕೆಗೇ ಓದಿ ತೋರಿಸಿ, ಬ್ಯಾಡ ಅಂದರೆ ಹರಿದು ಹಾಕಿ.

ಗೈಡ್‌ಗೆ ಇರುವ ಭಯ ಬೇರೆ, ಅದು ಸುಳ್ಳೂ ಅಲ್ಲ. ಕಥೆ ಬರೆಯುವ ಕೈ ಥೀಸಿಸ್‌ನಲ್ಲೂ ಒಂಚೂರು ಚಂದ ಮಾಡಲು ಹೋಗುತ್ತದೆ. ಎರಡು ನೋಟ್‌ಬುಕ್ ಇಡಿ.

ಪ್ರಶ್ನೆ: ನೋಟ್ಸ್ ಇಲ್ಲದೆ ಸುಮ್ನೆ ನೆನಪಿನಿಂದ ಬರೆಯಬಹುದಾ?
— ಓದುಗ, ಗದಗ

ಉತ್ತರ: ಬರೆಯಬಹುದು. ಶ್ರೀನಿವಾಸ್ ಅವರದ್ದೇ ನೋಡಿ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಗೆ ಯಾರೋ ಬೆಂಕಿ ಹಚ್ಚಿದರು, ರಾಂಪುರದ ಬಗ್ಗೆ ತಿದ್ದಿ ಸಿದ್ಧಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲೇ ಇದ್ದವು. ಆಮೇಲೆ ಹೆಚ್ಚಾಗಿ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು, ಓದಿದರೆ ಕಾದಂಬರಿಯಷ್ಟೇ ಹಿಡಿದು ಕೂರಿಸುತ್ತದೆ. ಆದರೂ ನಿಮ್ಮ ನೋಟ್ಸ್ ಇದ್ದರೆ ಇವತ್ತೇ ಮೊಬೈಲ್‌ನಲ್ಲಿ ಫೋಟೋ ಹೊಡೆದಿಡಿ.