ಮನೆಯ ವೈರಿಂಗ್ ಕೆಲಸವನ್ನು ನಾವೇ ಮಾಡಿಕೊಳ್ಳಬಹುದೇ?

ಕೋಣೆಯ ಫ್ಯಾನ್ ಬದಲಿಸಬೇಕು, ಬಚ್ಚಲಿಗೆ ಹೊಸದಾಗಿ ಗೀಸರ್ ಪಾಯಿಂಟ್ ಎಳೆಯಬೇಕು, ಎರಡನ್ನೂ ನಾನೇ ಮಾಡಿದರೆ ಕಾನೂನು ಅಡ್ಡ ಬರುತ್ತದೆಯೇ ಎಂದು ಕೇಳಿದ್ದೀರಿ. ಫ್ಯಾನನ್ನು ಧಾರಾಳವಾಗಿ ಬದಲಿಸಿ. ಗೀಸರ್ ಪಾಯಿಂಟಿಗೆ ಕೈ ಹಾಕಬೇಡಿ.

ಈ ಗೆರೆ ನಾನು ಎಳೆದದ್ದಲ್ಲ. ಭಾರತದ 1956ರ ವಿದ್ಯುತ್ ನಿಯಮಗಳಲ್ಲೂ ಆಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ತಂದ ಸುರಕ್ಷತಾ ನಿಯಮಗಳಲ್ಲೂ ಇದು ಇತ್ತು, ಅವುಗಳ ಜಾಗಕ್ಕೆ 2023ರಲ್ಲಿ ಬಂದ ನಿಯಮಗಳಲ್ಲೂ ಇದೆ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್‌ಗಳಂಥವನ್ನು ಬದಲಿಸಿದಾಗ ವೈರಿಂಗ್‌ನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಿದ್ದರೆ ಅಡ್ಡಿಯಿಲ್ಲ. ಅದರಾಚೆಗಿನ ಸೇರ್ಪಡೆ, ಮಾರ್ಪಾಡು, ದುರಸ್ತಿಗಳನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಿಸಬೇಕು. ಸಾಮರ್ಥ್ಯ, ಸ್ವರೂಪ ಎಂಬ ಆ ಎರಡು ಪದಗಳನ್ನು ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ಅನುಮಾನಗಳು ತಾವೇ ಪರಿಹಾರವಾಗುತ್ತವೆ.

ನನಗೆ ಅವು ಅರ್ಥವಾದದ್ದು ಕೆಟ್ಟ ರೀತಿಯಲ್ಲಿ. 3 ಕಿಲೋವಾಟ್‌ನ ಹೀಟರ್ ತಂದು, ದೀಪಗಳ ಲೈನಿನಿಂದಲೇ ತಂತಿ ಎಳೆದು 16 ಆಂಪಿಯರ್‌ನ ಸಾಕೆಟ್ ಕೂರಿಸಿದೆ. 6 ಆಂಪಿಯರ್‌ನ ಎಂಸಿಬಿ (ಮಿತಿ ಮೀರಿ ಕರೆಂಟ್ ಹರಿದರೆ ತಾನಾಗಿ ಆರುವ ಸ್ವಿಚ್) ಮತ್ತೆ ಮತ್ತೆ ಬೀಳತೊಡಗಿತು. ಅದನ್ನು ತೆಗೆದು 20ರದ್ದನ್ನು ಹಾಕಿ, ಸಮಸ್ಯೆ ಬಗೆಹರಿಯಿತೆಂದು ಬೀಗಿದೆ. ಎಂಸಿಬಿ ಕಾಯುವುದು ಹೀಟರನ್ನಲ್ಲ, ಗೋಡೆಯೊಳಗಿನ ತಂತಿಯನ್ನು. ದೀಪಗಳಿಗೆಂದು ಎಳೆದಿದ್ದ 1 ಚದರ ಮಿಲಿಮೀಟರ್ ತಂತಿಯಲ್ಲಿ 13 ಆಂಪಿಯರ್ ಹರಿಯುತ್ತಿತ್ತು, ಕೇಳುವವರೇ ಇರಲಿಲ್ಲ. ಕೆಲವು ತಿಂಗಳಲ್ಲಿ ಸ್ವಿಚ್ ಬೋರ್ಡ್ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂತು. ನೋಡಲು ಬಂದ ವೈರ್‌ಮನ್ ಬೈಯಲಿಲ್ಲ. ಸುಲಿದು ಕರಕಲಾಗಿದ್ದ ತಂತಿಯನ್ನು ನನ್ನ ಅಂಗೈ ಮೇಲೆ ಇಟ್ಟು ಸುಮ್ಮನೆ ನಿಂತರು.

ಬೇರೆ ದೇಶಗಳಲ್ಲಿ ಈ ಗೆರೆ ಆಚೀಚೆ ಸರಿಯುತ್ತದೆ. ಆಸ್ಟ್ರೇಲಿಯಾ ಬಹಳ ಬಿಗಿ. ಅಲ್ಲಿ ಗೋಡೆಯ ಸ್ವಿಚ್ ಬದಲಿಸಲೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬೇಕು. ಪಕ್ಕದ ನ್ಯೂಜಿಲೆಂಡ್‌ನಲ್ಲಿ ತಾವು ವಾಸಿಸುವ ಸ್ವಂತ ಮನೆಯ ಕೆಲವು ವೈರಿಂಗ್ ಕೆಲಸಗಳನ್ನು ಮನೆಯವರೇ ಮಾಡಬಹುದು, ಆದರೆ ಅದಕ್ಕೆ ವಿದ್ಯುತ್ ಕೊಡುವ ಮೊದಲು ಪರೀಕ್ಷಕರು ಬಂದು ನೋಡಬೇಕು. ಇಂಗ್ಲೆಂಡ್‌ನಲ್ಲಿ 2005ರಿಂದ ಜಾರಿಯಲ್ಲಿರುವ ನಿಯಮದಂತೆ ಹೊಸ ಸರ್ಕ್ಯೂಟ್ ಎಳೆಯುವುದನ್ನು ಸ್ಥಳೀಯ ಕಟ್ಟಡ ನಿಯಂತ್ರಣ ವಿಭಾಗಕ್ಕೆ ತಿಳಿಸಬೇಕು. ಅಮೆರಿಕದ ಅನೇಕ ಊರುಗಳಲ್ಲಿ ಮನೆಯ ಮಾಲೀಕರಿಗೇ ಅನುಮತಿ ಪತ್ರ ಸಿಗುತ್ತದೆ, ಆದರೆ ಗೋಡೆ ಮುಚ್ಚುವ ಮುನ್ನ ಒಮ್ಮೆ ತಪಾಸಣೆಯಾಗಬೇಕು. ನನಗೆ ಈ ಪದ್ಧತಿ ಹಿಡಿಸುತ್ತದೆ. ಗಾರೆ ಹಚ್ಚಿದ ಮೇಲೆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಗೀಸರ್ ಪಾಯಿಂಟನ್ನು ಪರವಾನಗಿ ಇರುವವರಿಂದ ಮಾಡಿಸುವಾಗ ಮೆಗ್ಗರ್ (ತಂತಿಯ ಹೊದಿಕೆಯಿಂದ ವಿದ್ಯುತ್ ಸೋರುತ್ತಿದೆಯೇ ಎಂದು ಅಳೆಯುವ ಉಪಕರಣ) ಹಾಕಿ ಪರೀಕ್ಷಿಸಿದ ವರದಿಯನ್ನು ಕೇಳಿ ಪಡೆಯಿರಿ. ಅರ್ಥಿಂಗ್ ಸರಿಯಿದೆಯೇ, ವಿದ್ಯುತ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದೂ ವಿಚಾರಿಸಿ. ನಿಮ್ಮ ಮನೆಗೆ ಮಂಜೂರಾದ ಲೋಡ್ (ಒಟ್ಟಿಗೆ ಬಳಸಬಹುದಾದ ವಿದ್ಯುತ್ತಿನ ಮಿತಿ) ಸಾಲದಿದ್ದರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಡಬೇಕಾಗುತ್ತದೆ.

ಇನ್ನು ಫ್ಯಾನ್. ಗೋಡೆಯ ಸ್ವಿಚ್ ಆರಿಸಿ ಏಣಿ ಹತ್ತಬೇಡಿ, ಮೈನ್ ಇಳಿಸಿಯೇ ಹತ್ತಿ. ಹಳೆಯ ಮನೆಗಳಲ್ಲಿ ಸ್ವಿಚ್ ಕೆಲವೊಮ್ಮೆ ವಿದ್ಯುತ್ ತರುವ ಫೇಸ್ ತಂತಿಯ ಬದಲು ಅದು ಮರಳುವ ನ್ಯೂಟ್ರಲ್ ತಂತಿಗೆ ಕೂತಿರುತ್ತದೆ. ಆಗ ಫ್ಯಾನ್ ನಿಂತಿದ್ದರೂ ಅದರ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ.