ಓದುಗರ ಪ್ರಶ್ನೆ: ಎದೆಯ ಗೆಡ್ಡೆ ಕರಗಿದ ಮೇಲೂ ಮಾತ್ರೆ ಏಕೆ?

ಪ್ರಶ್ನೆ: 16 ವರ್ಷದ ಮಗನಿಗೆ ತಿಂಗಳಿಂದ ಕೆಮ್ಮು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಎಕ್ಸ್‌ರೇಯಲ್ಲಿ ಎದೆಯ ನಡುವೆ ಗೆಡ್ಡೆ ಕಂಡಿತು. ‘ಟಿ-ಲಿಂಫೋಬ್ಲಾಸ್ಟಿಕ್ ಲಿಂಫೋಮಾ’ ಎಂಬ ಕ್ಯಾನ್ಸರ್ ಅಂದಿದ್ದಾರೆ. ಆಪರೇಷನ್ ಮಾಡದೆ ಲುಕೇಮಿಯಾದ (ರಕ್ತದ ಕ್ಯಾನ್ಸರ್) ಕೀಮೋ ಕೊಡುತ್ತಾರಂತೆ, ಯಾಕೆ? (ಹಾಸನ)

ಉತ್ತರ: ಲಿಂಫೋಸೈಟ್ ಎಂಬುದು ಒಂದು ಬಗೆಯ ಬಿಳಿ ರಕ್ತಕಣ. ಅದರ ಎಳೆಯ ರೂಪವೇ ಲಿಂಫೋಬ್ಲಾಸ್ಟ್. ‘ಟಿ’ ಬಗೆಯವು ಬಲಿಯುವ ಜಾಗ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ. ಅಲ್ಲಿ ಕಣಗಳು ಬಲಿಯದೆ ಬರೀ ಹೆಚ್ಚುತ್ತಾ ಹೋದರೆ ಗೆಡ್ಡೆಯಾಗುತ್ತದೆ. ಅದು ಶ್ವಾಸನಾಳವನ್ನು ಒತ್ತಿದರೆ ಕೆಮ್ಮು. ತಲೆಯಿಂದ ಹೃದಯಕ್ಕೆ ಇಳಿಯುವ ರಕ್ತನಾಳವನ್ನು ಒತ್ತಿದರೆ ಮುಖ, ಕುತ್ತಿಗೆ ಊದಿಕೊಳ್ಳುತ್ತವೆ.

ಇದೇ ಕಣಗಳು ಮೂಳೆಮಜ್ಜೆಯಲ್ಲಿ ಶೇ 25ಕ್ಕಿಂತ ಹೆಚ್ಚಿದ್ದರೆ ಲುಕೇಮಿಯಾ ಎನ್ನುತ್ತಾರೆ, ಕಡಿಮೆಯಿದ್ದು ಗೆಡ್ಡೆಯೇ ಮುಖ್ಯವಾಗಿದ್ದರೆ ಲಿಂಫೋಮಾ. ಹೆಸರು ಎರಡಾದರೂ ಚಿಕಿತ್ಸೆ ಒಂದೇ. ಸ್ಕ್ಯಾನಿಗೆ ಕಾಣದ ಕಣಗಳು ಅಷ್ಟರಲ್ಲಾಗಲೇ ಮೈಯೆಲ್ಲ ಹರಡಿರುತ್ತವೆ, ಹಾಗಾಗಿ ಗೆಡ್ಡೆಯೊಂದನ್ನೇ ಕೊಯ್ದು ತೆಗೆದು ಪ್ರಯೋಜನವಿಲ್ಲ.

ಇಂಥ ಕೆಮ್ಮಿರುವ ಇತರ ಮಕ್ಕಳ ಮನೆಯವರೂ ಇದನ್ನು ಓದಬೇಕು. ಆಸ್ತಮಾ ಎಂದುಕೊಂಡು ಎಕ್ಸ್‌ರೇ ಇಲ್ಲದೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಗೆಡ್ಡೆ ಕೆಲವೇ ದಿನಗಳಲ್ಲಿ ಕುಗ್ಗಿಬಿಡುತ್ತದೆ. ವಾಸಿಯಾಯಿತು ಅನ್ನಿಸುತ್ತದೆ, ಆಮೇಲೆ ಬಯಾಪ್ಸಿ (ಗೆಡ್ಡೆಯ ಚೂರು ತೆಗೆದು ಪರೀಕ್ಷೆ) ಮಾಡಿದರೂ ರೋಗ ಗುರುತಿಸುವುದು ಕಷ್ಟ. ಮಲಗಲಾಗದವರಿಗೆ ಅರಿವಳಿಕೆ ಕೊಡುವುದೂ ಅಪಾಯ, ಶ್ವಾಸನಾಳ ಮುಚ್ಚಿಕೊಳ್ಳಬಹುದು. ಪುಪ್ಪುಸದ ಸುತ್ತ ನೀರು ತುಂಬಿದ್ದರೆ ಸೂಜಿಯಿಂದ ಅದನ್ನೇ ತೆಗೆದು ಪರೀಕ್ಷಿಸಿ ಎಷ್ಟೋ ಸಲ ರೋಗ ಪತ್ತೆ ಮಾಡಬಹುದು.

ಪ್ರಶ್ನೆ: ಇದೇ ಕಾಯಿಲೆಯಿದ್ದ ಮಗಳ ಗೆಡ್ಡೆ ಪೂರ್ತಿ ಕರಗಿದೆ. ಇನ್ನೂ ಒಂದೂವರೆ ವರ್ಷ ಮಾತ್ರೆ ನುಂಗಿಸಲೇಬೇಕೆ? (ಶಿವಮೊಗ್ಗ)

ಉತ್ತರ: ನುಂಗಿಸಲೇಬೇಕು. ಗೆಡ್ಡೆ ಕರಗಿದರೂ ಸ್ಕ್ಯಾನಿಗೆ ಕಾಣದ ಕಣಗಳು ಉಳಿದಿರಬಹುದು. ಒಳ್ಳೆಯ ಕೇಂದ್ರಗಳಲ್ಲಿ ಪೂರ್ಣ ಚಿಕಿತ್ಸೆ ಪಡೆದ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಂದಿ ಗುಣವಾಗುತ್ತಾರೆ. ಆದರೆ ಒಮ್ಮೆ ಮರುಕಳಿಸಿದರೆ ಗುಣಪಡಿಸುವುದು ಬಹಳ ಕಷ್ಟ. ಬೆನ್ನಿಗೆ ಸೂಜಿ ಹಾಕಿ ಔಷಧ ಕೊಡುವುದೂ ಇದಕ್ಕೇ: ರಕ್ತದಲ್ಲಿ ಹರಿಯುವ ಹೆಚ್ಚಿನ ಔಷಧಗಳು ಮಿದುಳಿನ ಸುತ್ತಲ ದ್ರವಕ್ಕೆ ಸಾಕಷ್ಟು ಇಳಿಯುವುದಿಲ್ಲ, ಅಲ್ಲಿ ಕಣಗಳು ಅಡಗಿ ಕೂರುತ್ತವೆ.

ಮನೆಯ ಮಾತ್ರೆಗಳಲ್ಲಿ ಮರ್‌ಕ್ಯಾಪ್ಟೊಪ್ಯೂರಿನ್ ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ಇಲ್ಲಿ ಆಗುವ ದೊಡ್ಡ ತಪ್ಪು, ವಾರದ ಮಾತ್ರೆಯನ್ನು ದಿನವೂ ಕೊಡುವುದು. ಬಾಯಿ ತುಂಬ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು ಬರಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ವಾರದ ಒಂದೇ ದಿನವನ್ನು, ಉದಾಹರಣೆಗೆ ಭಾನುವಾರವನ್ನು, ಕೆಂಪು ಪೆನ್ನಿನಿಂದ ಸುತ್ತಿ, ಕೊಟ್ಟ ಕೂಡಲೇ ಅದರ ಮೇಲೆ ಗೀಟು ಎಳೆಯಿರಿ. ಮೆಥೊಟ್ರೆಕ್ಸೇಟ್ ಮಾತ್ರೆ 2.5, 5, 7.5, 10 ಮಿ.ಗ್ರಾಂ. ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಸಿಗುತ್ತದೆ. ಹೊಸ ಸ್ಟ್ರಿಪ್ ತಂದಾಗೆಲ್ಲ ಅಂಕಿ ಓದಿ. ರಕ್ತ ಪರೀಕ್ಷೆ ನೋಡಿಯೇ ವೈದ್ಯರು ಡೋಸ್ ಏರಿಸಿ ಇಳಿಸುತ್ತಾರೆ, ಅದನ್ನು ತಪ್ಪಿಸಬೇಡಿ. ಕೆಲವರ ವಂಶವಾಹಿಯಲ್ಲಿನ ವ್ಯತ್ಯಾಸದಿಂದ ಮರ್‌ಕ್ಯಾಪ್ಟೊಪ್ಯೂರಿನ್ ಮಾಮೂಲಿ ಡೋಸೇ ಅತಿಯಾಗುತ್ತದೆ. ಕಣ್ಣು ಹಳದಿಯಾಯಿತೆಂದು ಕಾಮಾಲೆಯ ನಾಟಿ ಔಷಧ ಕುಡಿಸದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕೀಮೋ ನಡೆಯುತ್ತಿರುವ ಮಗುವಿಗೆ ರಾತ್ರಿ ಜ್ವರ ಬಂದರೆ ಬೆಳಗಿನವರೆಗೆ ಕಾಯಬಹುದೆ? (ಶಿರಸಿ)

ಉತ್ತರ: ಬೇಡ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆ ಹೊತ್ತಿಗೇ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಕಾದು ನೋಡಬೇಡಿ. ಜ್ವರ ಇಳಿದರೂ ಸೋಂಕು ಒಳಗೇ ಏರುತ್ತಿರಬಹುದು. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬೇಡಿ, ಎನಿಮಾ ಕೂಡ ಬೇಡ. ಶಿರಸಿಯಿಂದ ದೊಡ್ಡ ಆಸ್ಪತ್ರೆ ದೂರವಾದರೆ ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ, ಒಪಿಡಿ ಸಾಲಿನಲ್ಲಿ ನಿಲ್ಲದೆ, ತುರ್ತು ವಿಭಾಗದಲ್ಲಿ ಮೊದಲ ಮಾತಾಗಿ “ಕೀಮೋ ನಡೆಯುತ್ತಿದೆ, ಜ್ವರ ಬಂದಿದೆ” ಎನ್ನಿ. ಮೊದಲ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಬೀಳಬೇಕು. ಚಿಕಿತ್ಸೆಯ ಫೈಲು, ಕೊನೆಯ ರಕ್ತ ಪರೀಕ್ಷೆಯ ಚೀಟಿ, ನಿಮ್ಮ ಕ್ಯಾನ್ಸರ್ ವೈದ್ಯರ ಫೋನ್ ನಂಬರು ಒಂದೇ ಚೀಲದಲ್ಲಿ ಬಾಗಿಲ ಬಳಿ ಸದಾ ಸಿದ್ಧವಾಗಿರಲಿ.