ಗೋಲ್ಡ್ ಬರಲಿ, ಪಶ್ಚಿಮದ ಗಾಜು ಬೇಡ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಹೊಸ ಕಟ್ಟಡಕ್ಕೆ ಪಶ್ಚಿಮಕ್ಕೆ ಪೂರ್ತಿ ಗಾಜಿನ ಮುಂಭಾಗ ಇಟ್ಟಿದ್ದಾರೆ. ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) ಇದೆ, ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ರಮಾಣಪತ್ರದಲ್ಲಿ ಗೋಲ್ಡ್ ದರ್ಜೆ ಬರುತ್ತದೆ ಎನ್ನುತ್ತಾರೆ. ಕರೆಂಟ್ ಬಿಲ್ ಇಳಿದೀತೇ? (ಓದುಗರೊಬ್ಬರು, ಕಲಬುರಗಿ)

ಉತ್ತರ: ಗೋಲ್ಡ್ ಬಂದೂ ಬಿಲ್ ಇಳಿಯದೇ ಹೋಗಬಹುದು. ಲೀಡ್‌ನ ನಾಲ್ಕನೇ ಆವೃತ್ತಿಯಲ್ಲಿ ಒಟ್ಟು 110 ಅಂಕ, 60 ಬಂದರೆ ಗೋಲ್ಡ್. ವಿದ್ಯುತ್ ಉಳಿತಾಯದ ದೊಡ್ಡ ಬಾಬ್ತಿಗೆ ಇರುವುದು 18. ನೀರು, ನಿವೇಶನ, ಸಾಮಗ್ರಿ, ಬಸ್ ಸೌಕರ್ಯದಿಂದಲೂ ಅಂಕ ಕೂಡುತ್ತವೆ.

ನಿಮ್ಮ ನಕ್ಷೆಯ ತೊಂದರೆ ಆ ಪಶ್ಚಿಮದ ಗಾಜು. ಡಬಲ್ ಗ್ಲೇಜಿಂಗ್ ಹೊರಗಿನ ಬಿಸಿಗಾಳಿಯ ಕಾವನ್ನು ತಡೆದೀತು, ನೇರ ಬಿಸಿಲನ್ನು ಅಷ್ಟಾಗಿ ತಡೆಯದು. ಗಾಜಿಗೆ ಬಿದ್ದ ಬಿಸಿಲ ಶಾಖದಲ್ಲಿ ಒಳಬರುವ ಪಾಲನ್ನು ಎಸ್‌ಎಚ್‌ಜಿಸಿ ಎನ್ನುತ್ತಾರೆ. ಲೇಪನವಿಲ್ಲದ ತಿಳಿಗಾಜು ಎರಡು ಪದರವಿದ್ದರೂ ಅದು ಸುಮಾರು 0.7. ಏಪ್ರಿಲ್ ಸಂಜೆ ನಾಲ್ಕಕ್ಕೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. 10 ಚದರ ಮೀಟರ್ ಗಾಜಿನಿಂದ 4,200 ವ್ಯಾಟ್ ಒಳಗೆ ಬಂತು. ಒಂದು ಟನ್ ಎಸಿ ಹೊರದಬ್ಬುವುದೇ 3,500! ಕಟ್ಟಡಗಳ ಇಂಧನ ಉಳಿತಾಯಕ್ಕೆಂದೇ ಇರುವ ರಾಷ್ಟ್ರೀಯ ಸಂಹಿತೆ ಇಸಿಬಿಸಿ 2017ರ ಸರಳ ವಿಧಾನದಲ್ಲಿ ಪಶ್ಚಿಮದ ಗಾಜಿಗೆ ಮಿತಿ 0.27, ಗೋಡೆಯಲ್ಲಿ ಕಿಟಕಿಯ ಪಾಲು ಶೇ. 40 ಮೀರಬಾರದು. 0.27 ಇದ್ದರೆ ಒಳಬರುವುದು 1,620 ವ್ಯಾಟ್. ಹಾಗೆಂದು ಕಪ್ಪು ಗಾಜು ಕೂರಿಸಿದರೆ ಹಗಲಲ್ಲೇ ದೀಪ ಉರಿಯುತ್ತದೆ. ಬೆಳಕು ಹಾಯುವ ಪ್ರಮಾಣವನ್ನೂ, ಅಂದರೆ ವಿಎಲ್‌ಟಿಯನ್ನೂ, ಕೇಳಿ ಪಡೆಯಿರಿ.

ಇಳಿಬಿಸಿಲಿಗೆ ಸಜ್ಜಾ ಉಪಯೋಗಕ್ಕೆ ಬರುವುದಿಲ್ಲ. ಮೆಟ್ಟಿಲು, ಶೌಚಾಲಯ, ಸ್ಟೋರ್ ರೂಮುಗಳನ್ನು ಪಶ್ಚಿಮಕ್ಕೆ ತಳ್ಳಿ, ತರಗತಿಯ ಕಿಟಕಿಗಳನ್ನು ಉತ್ತರ-ದಕ್ಷಿಣಕ್ಕೆ ಇಡಿಸಿ. ದಕ್ಷಿಣದ 1.2 ಮೀಟರ್ ಎತ್ತರದ ಕಿಟಕಿಗೆ 60 ಸೆಂ.ಮೀ. ಸಜ್ಜಾ ಇದ್ದರೆ ಮಾರ್ಚ್ ಕೊನೆಯ ನಡುಹಗಲಲ್ಲಿ ಪೂರ್ತಿ ನೆರಳು, ಡಿಸೆಂಬರಿನಲ್ಲೂ ಅರ್ಧಕ್ಕಿಂತ ಹೆಚ್ಚು. ಜೂನಿನಲ್ಲಿ ನಡುಹಗಲ ಸೂರ್ಯ ನಿಮ್ಮೂರಿಗೆ ತುಸು ಉತ್ತರಕ್ಕೇ ಇರುವುದರಿಂದ ಆ ಬದಿಗೂ ಸಣ್ಣದೊಂದು ಸಜ್ಜಾ ಬೇಕು.

ಇಷ್ಟು ಮಾಡಿದ ಮೇಲೆ ಎಸಿಯ ಲೆಕ್ಕ ಹೊಸದಾಗಿ ಹಾಕಿಸಿ. "150 ಚದರಡಿಗೊಂದು ಟನ್" ಎಂಬ ಬಾಯಿಲೆಕ್ಕ ಹಿಡಿದರೆ ಯಂತ್ರ ದೊಡ್ಡದಾಗುತ್ತದೆ. ಮಳೆಗಾಲದಲ್ಲಿ ಕೋಣೆ ಬೇಗ ತಣಿದು ಕಂಪ್ರೆಸರ್ ನಿಲ್ಲುತ್ತದೆ, ತೇವ ಹಾಗೇ ಉಳಿಯುತ್ತದೆ. ದೀಪಗಳ ವೈರಿಂಗ್ ಕಿಟಕಿಗೆ ಸಮಾನಾಂತರ ಸಾಲುಗಳಲ್ಲಿ ಇರಲಿ, ಕಿಟಕಿ ಬದಿಯ ಸಾಲನ್ನಷ್ಟೇ ಆರಿಸಬಹುದು. ಎಸಿ, ದೀಪ, ಲ್ಯಾಬ್, ಪಂಪುಗಳಿಗೆ ಬೇರೆ ಬೇರೆ ಮೀಟರ್ ಎಂದು ಟೆಂಡರಿನಲ್ಲೇ ಬರೆಸಿ.

ಗಾಜು ಸೈಟಿಗೆ ಬಂದ ದಿನ ಒಂದು ಪರೀಕ್ಷೆ ಮಾಡಿ. ಬಿಸಿಲು ತಡೆಯುವ ಲೇಪನ ಹೊರಪದರದ ಒಳಮೈಯಲ್ಲಿರಬೇಕು. ಹೊರಬದಿಯಲ್ಲಿ ನಿಂತು ಬೆಂಕಿಕಡ್ಡಿ ಗೀರಿ ಹಿಡಿದರೆ ಗಾಜಿನಲ್ಲಿ ನಾಲ್ಕು ಜ್ವಾಲೆ ಕಾಣುತ್ತವೆ; ನಿಮ್ಮ ಕಡೆಯಿಂದ ಎರಡನೆಯದರ ಬಣ್ಣ ಬೇರೆಯಾಗಿರಬೇಕು. ಮೂರನೆಯದು ಬೇರೆಯಾಗಿ ಕಂಡರೆ ಗಾಜು ತಿರುವುಮುರುವಾಗಿದೆ, ಕೂರಿಸಲು ಬಿಡಬೇಡಿ.

– ಸಂ.